ಸಿದ್ರಾಮಪ್ಪ ಕಾಕಾನ ರಿಮೋಟು

೧೯೮೭ನೇ ಇಸ್ವಿಯಲ್ಲಿ ನಾನು ಸಾಲಿ ಬಿಟ್ಟೆ. ಸಾಲಿಯವರು ನನ್ನನ್ನು ತೆಗೆದುಹಾಕಲಿಲ್ಲ, ನಾನೇ ಎದ್ದು ಬಂದೆ. ಈ ಫರಕು ಕೇಳುವವರಿಗೆ ಸಣ್ಣದು, ನನಗೆ ಇವತ್ತಿಗೂ ದೊಡ್ಡದು. ಆಗ ಎಂಟನೇ ಇಯತ್ತೆ ಓದುತ್ತಿದ್ದೆ. ಇಂಗ್ಲಿಷ್ ಮಾಸ್ತರರು ಹಲಗೆಯ ಮೇಲೆ ಒಂದು ಸಾಲು ಬರೆದು, ಓದು ಅಂದರು. ಅಕ್ಷರಗಳು ಒಂದೊಂದಾಗಿ ಎಲ್ಲ ಪರಿಚಯದವೇ. ಕೂಡಿ ನಿಂತವೆಂದರೆ ಮಾತ್ರ ಹೊಸ ಬೀಗರ ಮನೆಯ ಮಂದಿಯಂತೆ, ಯಾರು ಯಾರಿಗೆ ಏನಾಗಬೇಕೆಂದು ತಿಳಿಯುತ್ತಿರಲಿಲ್ಲ. "ಹೊರಗ ನಿಂದ್ರು" ಅಂದರು. ಹೊರಗೆ ಹೋಗಿ ನಿಂತೆ. ನಿಲ್ಲುವುದೇ ಆದರೆ ಇಲ್ಲೇ ಯಾಕೆ ನಿಲ್ಲಬೇಕು ಅನ್ನಿಸಿತು. ಹಾಗೇ ನಡೆದುಕೊಂಡು ಮಳಖೇಡ ರೋಡ್ ಸ್ಟೇಷನ್ನಿಗೆ ಬಂದು, ಬಂದ ಪ್ಯಾಸೆಂಜರ್ ಗಾಡಿ ಹತ್ತಿದೆ. ಚಿತ್ತಾಪುರ ಹೋಯಿತು, ವಾಡಿ ಹೋಯಿತು. ಶಹಾಬಾದಿನಲ್ಲಿ ಹಸಿವಾಗಿ ಇಳಿದೆ. ನನ್ನ ಜೀವನದ ದಿಕ್ಕು ಹೊಟ್ಟೆ ಹೇಳಿದಂತೆ ಆಗಿದ್ದು ಅದೇ ಮೊದಲಲ್ಲ, ಕಡೆಯದೂ ಅಲ್ಲ.

ಇದೆಲ್ಲ ಈಗ ಯಾಕೆ ನೆನಪಾಯಿತೆಂದರೆ, ಮೊನ್ನೆ ವಾಡಿಯ ನನ್ನ ಅಂಗಡಿ ಹಸನು ಮಾಡುವಾಗ ಎಣ್ಣೆಯ ತಗಡಿನ ಡಬ್ಬಿಯೊಂದು ಕಾಲಿಗೆ ತಾಗಿತು. ಅದರ ತುಂಬ ಪರದೇಶಿ ರಿಮೋಟುಗಳು. ಅಂದರೆ ಅವು ಮಾತಾಡಬೇಕಾದ ಡೆಕ್ಕು, ಟೇಪು, ಹೋಮ್ ಥಿಯೇಟರು ಎಂದೋ ಸತ್ತುಹೋಗಿ ಇವಷ್ಟೇ ಉಳಿದವು. ನಮ್ಮ ಕಡೆಯ ರಿಮೋಟು ನೋಡಿದರೆ ಥಟ್ಟನೆ ಗುರುತು ಸಿಗುತ್ತದೆ. ಕಲ್ಲಿನ ಪುಡಿ, ಸಿಮೆಂಟಿನ ಪುಡಿ ಕಿಡಕಿ ಹಾಕಿದರೂ ಒಳಗೆ ಬರುವ ಊರುಗಳಿವು. ಆದ್ದರಿಂದ ತಂದ ದಿನವೇ ರಿಮೋಟಿಗೆ ಪ್ಲಾಸ್ಟಿಕ್ ಚೀಲ ತೊಡಿಸಿ ರಬ್ಬರ್ ಹಾಕುತ್ತೇವೆ. ಚೀಲ ಬೆಳ್ಳಗಾಗಿ ಬಟನ್ ಕಾಣದಂತಾದರೂ ತೆಗೆಯುವುದಿಲ್ಲ, ಬೆರಳಿಗೆ ಗೊತ್ತಿರುತ್ತದೆ. ಸೇಡಂ ಕಡೆಯ ಒಬ್ಬ ಗಿರಾಕಿ, "ಸಾಬಣ್ಣ, ಒಳಗಿನ ರಿಮೋಟ ಹೊಸದದ ನೋಡು, ಒಮ್ಮಿನೂ ಮುಟ್ಟಿಲ್ಲ" ಎಂದು ಹತ್ತು ವರ್ಷದ ಹಳೆಯದನ್ನು ನನ್ನ ಮುಂದೆ ಇಟ್ಟಿದ್ದ. ಅವನು ಹೇಳಿದ್ದು ಖರೆಯೇ.

ಡಬ್ಬಿಯಲ್ಲಿ ಕುಂಚಾವರಂ ಕಡೆಯದೂ ಒಂದಿತ್ತು. ಅದರ ಮಾಲಕ ಚಿಂಚೋಳಿಯಿಂದ ಬಸ್ಸು ಹಿಡಿದು ಬಂದು, "ಅನ್ನಾ, ರಿಮೋಟು ಪೋಯಿಂದಿ" ಅಂದ. ಎಲ್ಲಿ ಹೋಯಿತು ಅಂದೆ. ಮಂಗ ಒಯ್ದಿದೆಯಂತೆ. ಗಿಡದ ಮೇಲೆ ಕೂತು ಒತ್ತುತ್ತಿತ್ತಂತೆ, ಮನೆಯೊಳಗೆ ಹಾಡು ಬದಲಾಗುತ್ತಿತ್ತಂತೆ. ಎರಡನೆಯ ಮಾತು ನಾನು ನಂಬಲಿಲ್ಲ. ಆದರೂ ಅವನಿಗೆ ಅಂಥದ್ದೇ ಒಂದು ಹುಡುಕಿ ಕೊಟ್ಟೆ. ಆಮೇಲೆ ಮಂಗ ಮೊದಲಿನದನ್ನು ವಾಪಸು ಬಿಸಾಕಿತೆಂದು ಅದನ್ನೂ ತಂದು ನನಗೇ ಕೊಟ್ಟು ಹೋದ.

ಡಬ್ಬಿಯ ತಳದಲ್ಲಿ ಒಂದು ಕರವಸ್ತ್ರದ ಗಂಟಿತ್ತು. ಬಿಚ್ಚಿದರೆ ಚೂರುಚೂರಾದ ಕರಿ ಪ್ಲಾಸ್ಟಿಕ್ಕು. ಅದನ್ನು ಕೈಯಲ್ಲಿ ಹಿಡಿದು ಕೂತುಬಿಟ್ಟೆ, ಅಂಗಡಿ ಹಸನಾಗಲಿಲ್ಲ.

ಗಂಟು ತಂದಿದ್ದವಳು ರಾವೂರಿನ ಮಹಾನಂದಾ, ಸಿದ್ರಾಮಪ್ಪ ಕಾಕಾನ ಸೊಸೆ. ಕಾಕಾ ವಾಡಿ ಸ್ಟೇಷನ್ನಿನ ಕ್ಯಾಬಿನ್ನಿನಲ್ಲಿ ಲಿವರ್ ಎಳೆದು ಗಾಡಿಗಳಿಗೆ ಸಿಗ್ನಲ್ ಕೊಡುವ ಕೆಲಸ ಮಾಡಿ ರಿಟೈರ್ ಆದವರು. ಸೋಮವಾರಕ್ಕೊಮ್ಮೆ ರಾವೂರಿನ ಭಜನೆಯಲ್ಲಿ ಏಕತಾರಿ ಹಿಡಿದು ಹಾಡುತ್ತಿದ್ದರು. ದನಿ ಹೇಗೆಂದರೆ, ಮೈಕ್ ಹಚ್ಚಲು ಹೋದ ನನಗೆ, "ಮೈಕ್ ನಿನ್ನ ಸಲುವಾಗಿ ಇಟ್ಕೋ" ಎಂದಿದ್ದರು. ಹೋದ ವರ್ಷ ಅವರಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಹೋದವು, ಮಾತೂ ಹೋಯಿತು. ಉಳಿದದ್ದು ಎಡಗೈ ಮತ್ತು ಎರಡು ಕಣ್ಣು.

ಮಹಾನಂದಾ ಗಂಟು ಬಿಚ್ಚಿದಾಗ ನಾನು ನನ್ನ ರೂಢಿಯಂತೆ ಮಸ್ಕಿರಿ ಮಾಡಿದೆ. "ಏನವ್ವಾ, ಇದು ರಿಮೋಟೋ, ಅವಲಕ್ಕಿ ಚೂಡಾನೋ?"

ಅವಳು ನಗಲಿಲ್ಲ. "ದಸರಾದ ಖಂಡೆಪೂಜಿಗೆ ಮನಿ ತೊಳ್ಯಾಕತ್ತಿದ್ದಿವ್ರಿ ಅಣ್ಣಾ. ಪಲ್ಲಂಗ ಎತ್ತಿ ಸರಿಸಿದಿವಿ. ಇದು ಅದರ ಕಾಲಿನ ಕೆಳಗ ಬಿದ್ದದ್ದು ಯಾರೂ ನೋಡಲಿಲ್ಲ. ಮಾವನೋರು ನೋಡಾಕತ್ತಿದ್ರು. ಹೇಳಾಕ ಬಾಯಿ ಎಲ್ಲದ?"

"ಹಾಡಿನ ಸೆಟ್ಟಿನ ಮ್ಯಾಲೆ ಬಟನ್ ಇರ್ತಾವಲ್ಲ, ನೀವೇ ಹಚ್ರಿ."

"ಹಚ್ಚಿದ್ರ ಮಾರಿ ಗ್ವಾಡಿ ಕಡಿ ತಿರುಗಸ್ತಾರ. ಯಾವ ಹಾಡ ಬೇಕಂತ ಅವರು ಹೇಳಂಗಿಲ್ಲ, ನಮಗ ತಿಳಿಯಂಗಿಲ್ಲ. ಮೊದಲ ತಾವೇ ಒತ್ತಿ ಒತ್ತಿ ಬೇಕಾದ್ದು ಹುಡಕತಿದ್ರು. ನಮ್ಮ ಮನಿಯವರು ಹೊಸ ಸ್ಪೀಕರ್ ತಂದ್ರು, ಅದನ್ನ ಮುಟ್ಟಿಲ್ಲ. ಊಟನೂ ಅರ್ಧಕ್ಕೇ ಬಿಡ್ತಾರ್ರಿ." ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು, "ಪಲ್ಲಂಗ ಎತ್ತಿದ್ದು ನಾನೇರಿ" ಅಂದಳು.

ಆ ಸೆಟ್ಟಿನ ಕಥೆ ನನಗೆ ಗೊತ್ತಿತ್ತು. ರಿಟೈರ್ ಆದ ವರ್ಷ ಕಾಕಾ ಹೈದರಾಬಾದಿನ ಕೋಠಿ ಬಾಜಾರಕ್ಕೆ ಹೋಗಿ, ಸ್ಪೀಕರ್ ಸಮೇತ ತಲೆ ಮೇಲೆ ಹೊತ್ತು ತಂದದ್ದು. ಅದರ ಪೆನ್ ಡ್ರೈವಿನಲ್ಲಿ ವರ್ಷಗಟ್ಟಲೆಯ ಸೋಮವಾರದ ಭಜನೆ ತುಂಬಿಕೊಟ್ಟವನು ನಾನೇ. ಅಲ್ಲಲ್ಲಿ ಅವರದೇ ದನಿ ಇದೆ. ಈಗ ಅವರ ದನಿ ಇರುವುದು ಅಲ್ಲಿ ಮಾತ್ರ.

"ನಾಳಿ ಸಂಜಿಗೆ ಬಂದು ಮಾಡಿಕೊಡ್ತೀನಿ, ಹೋಗು" ಅಂದೆ. ಆಗಲ್ಲ ಅನ್ನುವ ಮಾತು ನನ್ನ ಅಂಗಡಿಯಲ್ಲಿ ಇಲ್ಲ. ಇದನ್ನು ಜನ ಸೊಕ್ಕು ಅಂತಾರೆ. ಸಾಲಿ ಬಿಟ್ಟವನಿಗೆ ಸೊಕ್ಕೂ ಇರದಿದ್ದರೆ ಮತ್ತೇನು ಇರಬೇಕು?

ನಾನು ಕೆಲಸ ಕಲಿತದ್ದು ಶಹಾಬಾದಿನಲ್ಲಿ, ಅವತ್ತು ಹಸಿದು ಇಳಿದ ಸ್ಟೇಷನ್ನಿನ ಎದುರಿನ ರೇಡಿಯೋ ಅಂಗಡಿಯಲ್ಲಿ. ಉಸ್ತಾದರು ನನಗೆ ಮೊದಲು ಕೊಟ್ಟದ್ದು ಬೆಸುಗೆ ಹಾಕುವ ಕಬ್ಬಿಣವಲ್ಲ, ಒಂದು ಅರಿವೆ. ರೇಡಿಯೋ ಬಂದ ಕೂಡಲೇ ನಾನು ಹಿಂದಿನ ಮುಚ್ಚಳಕ್ಕೆ ಕೈ ಹಾಕುತ್ತಿದ್ದೆ. ಅವರು ಕೈ ಮೇಲೆ ಒಂದು ಹಾಕಿ, "ಪಯಲೇ ಮೂ ದೇಖ್ ಬೇ, ಪೀಛೇ ಪೇಟ್ ಖೋಲ್" ಅನ್ನುತ್ತಿದ್ದರು. ಮೊದಲು ಮಾರಿ ನೋಡು, ಹೊಟ್ಟೆ ಆಮೇಲೆ ಬಿಚ್ಚು. ಅರಿವೆಯಿಂದ ಮಾರಿ ಒರೆಸುತ್ತ ಒರೆಸುತ್ತಲೇ ಎಷ್ಟೋ ರೇಡಿಯೋಗಳ ಬೇನೆ ಅವರಿಗೆ ತಿಳಿಯುತ್ತಿತ್ತು. ಈ ಮಾತನ್ನು ನಾನು ಎಷ್ಟೋ ಜನಕ್ಕೆ ಹೇಳಿದ್ದೇನೆ. ಹೇಳುವುದು ಮಾಡುವುದಕ್ಕಿಂತ ಹಗುರ.

ಮರುದಿನ ಸಂಜೆ ರಾವೂರಿಗೆ ಹೋದೆ. ನೆಲ ಫರಸಿ, ಗೋಡೆ ಫರಸಿ, ಮೇಲಿನ ಚಾವಣಿಯೂ ಫರಸಿ, ಎಲ್ಲ ಆ ಊರಿನದೇ ಕಲ್ಲು. ಮಹಾನಂದಾ, "ಬರ್ರಿ, ಕುಂದ್ರಿ" ಅಂದಳು. ಒಳಗಿನಿಂದ ಕಾಕಾನ ಹೆಂಡತಿ ಗೌರಮ್ಮ ಕಾಕಿ, "ಬಾರಪ್ಪಾ ಸಾಬಣ್ಣ, ಮೊದಲ ಚಾ ಕುಡಿ. ಆ ಡಬ್ಬಿ ಎಲ್ಲೂ ಓಡಿ ಹೋಗಂಗಿಲ್ಲ" ಎಂದು ಕೂಗಿದರು.

ಕಾಕಾ ಪಲ್ಲಂಗದ ಮೇಲೆ ದಿಂಬಿಗೆ ಒರಗಿದ್ದರು. ಎದುರು ಗೋಡೆಯ ಕಟ್ಟೆಯ ಮೇಲೆ ಸೆಟ್ಟು. ಹಬ್ಬ ಮುಗಿದು ಬಹಳ ದಿನ ಆಗಿರಲಿಲ್ಲ. ಸೆಟ್ಟಿಗೆ ಒಣಗಿದ ಚೆಂಡುಹೂವಿನ ಮಾಲೆ, ಮೂರು ಬೆರಳಿನಲ್ಲಿ ಎಳೆದ ವಿಭೂತಿ, ನಮ್ಮ ಮಾತಿನಲ್ಲಿ ಈಬತ್ತಿ, ನಡುವೆ ಕುಂಕುಮ. ಮಿಕ್ಸರಿಗೂ ಅದೇ, ಹೊಲಿಗೆ ಮಷೀನಿಗೂ ಅದೇ, ಗ್ಯಾಸಿನ ಸಿಲಿಂಡರಿಗೂ ಅದೇ. ನಮ್ಮಲ್ಲಿ ಹಾಗೆಯೇ. ಖಂಡೆಪೂಜೆಯ ದಿನ ದುಡಿಯುವ ಯಾವುದೂ ಬರಿ ಹಣೆಯಲ್ಲಿ ಇರಬಾರದು. ನನ್ನ ಅಂಗಡಿಯ ಮೀಟರಿನ ಮೇಲೂ ಇತ್ತು.

ಸೆಟ್ಟನ್ನು ಅಂಗಡಿಗೆ ಒಯ್ಯೋಣವೆಂದು ಎತ್ತಹೋದೆ. ಕಾಕಾ ಗಂಟಲಲ್ಲಿ ಒಂದು ದನಿ ತೆಗೆದು ಎಡಗೈ ಚಾಚಿ ನನ್ನ ಅಂಗಿ ಹಿಡಿದರು. ಹಿಡಿತ ಲಿವರ್ ಎಳೆದ ಕೈಯದು. ಒಯ್ಯುವಂತಿಲ್ಲ, ಕಣ್ಣೆದುರೇ ಮಾಡಬೇಕು. ಸರಿ ಅಂದೆ.

ರಿಮೋಟು ಏನು ಮಾಡುತ್ತದೆಂದು ನಿಮಗೆ ಹೇಳಬೇಕು, ಹೇಳದಿದ್ದರೆ ನನ್ನ ಫಜೀತಿ ತಿಳಿಯುವುದಿಲ್ಲ. ವಾಡಿ ಜಂಕ್ಷನ್ನಿನಲ್ಲಿ ಕೂತವರಿಗೆ ಇದು ಸುಲಭ. ಮೊದಲು ಟಿಂಗ್-ಟಾಂಗ್ ಅನ್ನುತ್ತದೆ, ಎಲ್ಲರೂ ಕಿವಿ ನಿಮಿರಿಸುತ್ತಾರೆ. ಆಮೇಲೆ ಗಾಡಿಯ ನಂಬರು. ಆಮೇಲೆ ಯಾವ ಪ್ಲಾಟ್‌ಫಾರ್ಮು. ನಂಬರು ನಿಮ್ಮದಲ್ಲದಿದ್ದರೆ ನೀವು ಬೆಂಚು ಬಿಟ್ಟು ಏಳುವುದಿಲ್ಲ. ರಿಮೋಟಿನದೂ ಇದೇ ಮಾತು. ಮೊದಲು ಒಂದು ಉದ್ದನೆಯ ಮಿಂಚು, ಎಚ್ಚರ ಮಾಡಲು. ಆಮೇಲೆ ಸೆಟ್ಟಿನ ಹೆಸರು. ಆಮೇಲೆ ಕೆಲಸ: ಜೋರು ಮಾಡು, ಸಣ್ಣ ಮಾಡು, ಮುಂದಿನ ಹಾಡು. ತಪ್ಪಾಗಬಾರದೆಂದು ಹೇಳಿದ್ದನ್ನೇ ತಿರುವುಮುರುವು ಮಾಡಿ ಇನ್ನೊಮ್ಮೆ ಹೇಳುತ್ತದೆ. ಎಲ್ಲ ಕಣ್ಣಿಗೆ ಕಾಣದ ಬೆಳಕಿನಲ್ಲಿ, ರೆಪ್ಪೆ ಬಡಿಯುವುದರೊಳಗೆ. ಸೆಟ್ಟಿನ ಮಾರಿಯ ಕರಿ ಗಾಜಿನ ಹಿಂದೆ ಮೂರು ಕಾಲಿನ ಸಣ್ಣ ಕಣ್ಣೊಂದು ಕೂತು ಇದನ್ನು ನೋಡುತ್ತಿರುತ್ತದೆ. ಬೆಳಕು ಬರುತ್ತಿದೆಯೋ ಇಲ್ಲವೋ ನೋಡಲು ಮೊಬೈಲಿನ ಕ್ಯಾಮೆರಾ ಸಾಕು, ಅದರಲ್ಲಿ ನೇರಳೆ ಹಣ್ಣಿನ ಬಣ್ಣದಲ್ಲಿ ಮಿಣುಕುತ್ತದೆ.

ಅಗ್ಗದ ಸೆಟ್ಟುಗಳ ಹೆಸರು ಬಹಳ ಇರುವುದಿಲ್ಲ. ಕಲಬುರಗಿ ಬಾಜಾರದಲ್ಲಿ ನಿಂತು "ಶರಣಪ್ಪಾ" ಅಂದರೆ ಹತ್ತು ಮಂದಿ ತಿರುಗಿ ನೋಡುತ್ತಾರಲ್ಲ, ಹಾಗೆ. ಶಹಾಬಾದಿನಲ್ಲಿ ಅಕ್ಕಪಕ್ಕದ ಎರಡು ಮನೆಯವರು ಒಂದೇ ಜಾತಿಯ ಸೆಟ್ಟು ತಂದಿದ್ದರು. ನಡುವೆ ಮೊಳ ಎತ್ತರದ ಗೋಡೆ, ಅದರ ಮೇಲಿಂದ ಆ ಮನೆಯ ರಿಮೋಟಿನ ಬೆಳಕು ಈ ಮನೆಗೆ. ಈ ಕಡೆ ಅತ್ತೆ ಪ್ರವಚನ ಕೇಳುತ್ತ ಕೂತರೆ ನಡುವೆ ಡ್ಯಾನ್ಸಿನ ಹಾಡು. ಸೊಸೆಯ ಮೇಲೆ ಸಂಶಯ ಬಂದು ತವರಿನವರನ್ನು ಕರೆಸುವ ತನಕ ಹೋಗಿತ್ತು. ನಾನು ನಡುವೆ ಒಂದು ಪರದೆ ಕಟ್ಟಿಸಿದೆ. ಪಂಚಾಯ್ತಿ ಅಷ್ಟಕ್ಕೇ ಮುಗಿಯಿತು.

ಈ ಹೆಸರು, ಕೆಲಸ ಎಲ್ಲ ಅಂಕಿ-ಅಕ್ಷರದಲ್ಲಿ ಬರೆಯುತ್ತಾರೆ. ಸೊನ್ನೆಯಿಂದ ಒಂಬತ್ತು, ಆಮೇಲೆ ಇಂಗ್ಲಿಷಿನ ಎ ಇಂದ ಎಫ್. ಅಷ್ಟೇ. ಜಿ ಕೂಡ ಬೇಡ. ಮೊಬೈಲಿನ ಹಿಂದಿ ವಿಡಿಯೋದಲ್ಲಿ ಇದನ್ನು ಮೊದಲು ನೋಡಿದ ದಿನ ನಾನು ಒಬ್ಬನೇ ನಕ್ಕೆ. ಎಫ್ ತನಕ ನನ್ನ ಇಂಗ್ಲಿಷು ಮೊದಲಿನಿಂದಲೂ ಪಕ್ಕಾ ಇತ್ತು.

ಬೆಂಕಿಪೆಟ್ಟಿಗೆಯಷ್ಟರ ಒಂದು ಬೋರ್ಡಿಗೆ ನಾನು ಕಲಿಸಿದ್ದೆ. ಒಂದು ಹೆಸರು ಹಿಡಿದು ಇನ್ನೂರಾ ಐವತ್ತಾರು ಕೆಲಸಗಳನ್ನೂ ಒಂದರ ಹಿಂದೊಂದು ಅದು ಕೂಗಿ ಹೇಳುತ್ತದೆ. ಯಾವುದಾದರೂ ಒಂದಕ್ಕೆ ಸೆಟ್ಟು ಓಗೊಟ್ಟರೆ ಅಲ್ಲಿಂದ ದಾರಿ ಸಿಗುತ್ತದೆ. ಕಾಕಾ ಮಲಗಿದ ಜಾಗದಿಂದಲೇ ಅದು ಕೇಳಬೇಕಲ್ಲ, ಆದ್ದರಿಂದ ಪಲ್ಲಂಗದ ಅಂಚಿನಲ್ಲಿ ಕೂತು ಬೋರ್ಡನ್ನು ಸೆಟ್ಟಿನ ಕಡೆ ಹಿಡಿದೆ. ಕ್ಯಾಮೆರಾದಲ್ಲಿ ನೇರಳೆ ಮಿಣುಕು ಸರಿಯಾಗಿತ್ತು. ಇನ್ನೂರಾ ಐವತ್ತಾರೂ ಮುಗಿದವು. ಸೆಟ್ಟು ಹೂವಿನ ಮಾಲೆ ಹಾಕಿಕೊಂಡು ಬೀಗರಂತೆ ಸುಮ್ಮನೆ ಕೂತಿತ್ತು.

ಕಾಕಾ ಎಡಗೈಯ ಮೂರು ಬೆರಳನ್ನು ಹಣೆಯ ಮೇಲೆ ಎಳೆದುಕೊಂಡರು, ಎಡದಿಂದ ಬಲಕ್ಕೆ. ನನ್ನನ್ನು ನೋಡಿದರು. ಮತ್ತೊಮ್ಮೆ ಎಳೆದುಕೊಂಡರು.

"ಪೂಜಿ ನೆನಪಾತು ನೋಡು" ಎಂದು ಗೌರಮ್ಮ ಕಾಕಿ ಈಬತ್ತಿ ತಂದು ಅವರ ಹಣೆಗೆ ಹಚ್ಚಹೋದರು. ಕಾಕಾ ಕೈ ತಳ್ಳಿದರು. ಈಬತ್ತಿ ಹಾಸಿಗೆಯ ಮೇಲೆ ಚೆಲ್ಲಿತು.

"ಸಿಟ್ಟ ನೋಡು ಈ ಮನಷ್ಯಾಂದು! ಮಾತ ಹೋದ್ರೂ ಸಿಟ್ಟ ಹೋಗಿಲ್ಲ. ನಾ ಬ್ಯಾರೆ, ಮಾತಿನ ಸಂಗಾಟ ಸಿಟ್ಟೂ ಹೋಗ್ತದಂತ ಆಸಿ ಇಟ್ಕೊಂಡಿದ್ದೆ."

ಕಾಕಾ ಗೋಡೆಯ ಕಡೆ ತಿರುಗಿದರು. ಮಹಾನಂದಾ ನನ್ನ ಮುಖ ನೋಡಿದಳು. ನಾನು ಬೋರ್ಡಿನ ಮುಖ ನೋಡಿದೆ.

ಮರುದಿನ ಬೇರೆ ಹೆಸರು ಹಿಡಿದು ಕೂಗಿಸಿದೆ. ಆಮೇಲೆ ಇನ್ನೊಂದು. ನನ್ನ ಡಬ್ಬಿಯ ರಿಮೋಟುಗಳನ್ನೆಲ್ಲ ಒತ್ತಿ ನೋಡಿದೆ, ಕುಂಚಾವರಂ ಮಂಗನದೂ ಬಿಡಲಿಲ್ಲ. ಆಗದಿದ್ದಾಗ ಹೂವಿನ ಮಾಲೆ ತೆಗೆದಿಟ್ಟು ಸೆಟ್ಟಿನ ಹಿಂಬದಿ ಬಿಚ್ಚಿದೆ. ಆ ಸಣ್ಣ ಕಣ್ಣಿನ ಕಾಲಿಗೆ ಮೀಟರ್ ಹಚ್ಚಿದರೆ ಐದು ವೋಲ್ಟು ಬರಾಬರಿ ಇತ್ತು. ಅಂದರೆ ಕಣ್ಣು ಜೀವಂತ ಇದೆ, ನಾನು ಕೂಗುವ ಹೆಸರೇ ತಪ್ಪು. ಹೀಗೆ ನಿರ್ಧಾರ ಮಾಡಿ ಮುಚ್ಚಳ ಹಾಕಿದೆ. ಕಾಕಾ ಮತ್ತೆ ಮೂರು ಬೆರಳು ಹಣೆಗೆ ಎಳೆದುಕೊಂಡರು. ನಾನು ಕೈ ಮುಗಿದು, "ಹೌದ್ರಿ ಕಾಕಾ, ದೇವರೇ ಮಾಡಬೇಕು" ಅಂದೆ. ಅವರು ಕಣ್ಣು ಮುಚ್ಚಿದರು. ಅಷ್ಟು ದಡ್ಡನನ್ನು ಅವರು ಕ್ಯಾಬಿನ್ನಿನಲ್ಲಿ ಬಹುಶಃ ನೋಡಿರಲಿಲ್ಲ.

ಮನೆಗೆ ಬಂದು ಊಟಕ್ಕೆ ಕೂತು ರೊಟ್ಟಿ ಮುರಿಯುತ್ತಲೇ ಇದ್ದೆ. ಹೆಂಡತಿ ಯಲ್ಲಮ್ಮ ನೋಡಿದಳು. "ಊರ ಮಂದಿಗೆ ಎಲ್ಲಾ ಕೇಳಂಗ ಮಾಡ್ತಿ, ಮನಿಯಾಗ ಕರದ್ರ ನಿನಗ ಕೇಳಲ್ಲ. ಪಲ್ಯಾ ಹಾಕ್ಲೇನಂತ ಎಷ್ಟ ಸಲ ಕೇಳಲಿ?"

ನಾನು ಕೇಳಿಸಿಕೊಂಡಿರಲಿಲ್ಲ. ಅಪ್ಪ ನೆನಪಾಗಿದ್ದ. ನಮ್ಮವರು ಕಾಗಿಣೆ ಹೊಳೆಯ ದಂಡೆಯವರು. ಅಪ್ಪ ಮಳಖೇಡದಲ್ಲಿ ದೋಣಿ ಹಾಕುತ್ತಿದ್ದ. ನೀರು ಕೆಂಪಾಗಿ ತಳ ಕಾಣದಾದಾಗ ಗಳ ಇಳಿಬಿಟ್ಟು, ಅದರ ತುದಿಗೆ ಏನು ತಾಗಿತೆಂದು ಅಂಗೈಯಿಂದಲೇ ತಿಳಿಯುತ್ತಿದ್ದ: ಇದು ಉಸುಕು, ಇದು ಬಂಡೆ, ಇದು ಮುಳುಗಿದ ಗಿಡ. ನನಗೆ ಗಳ ಕೊಟ್ಟರೆ ಎಲ್ಲವೂ ಒಂದೇ ಅನ್ನಿಸುತ್ತಿತ್ತು. ಆಗ ಅಪ್ಪ, "ಹೊಳಿ ಬರಾಬರಿ ಹೇಳಾಕತ್ತದ, ನೀನೇ ಕೇಳವಲ್ಲಿ" ಅನ್ನುತ್ತಿದ್ದ. ಕಾಣದ್ದನ್ನು ತಿಳಿಯುವ ಕೆಲಸವೇ ನನ್ನ ಪಾಲಿಗೂ ಬಂತಲ್ಲ ಎಂದು ನಾನು ಎಷ್ಟೋ ಸಲ ಹಿಗ್ಗಿದ್ದೆ. ಅವತ್ತು ಹಿಗ್ಗಲಿಲ್ಲ.

ಮೂರನೆಯ ಸಲ ರಾವೂರಿಗೆ ಹೋದದ್ದು, ಆಗಲ್ಲ ಎಂದು ಹೇಳಿ ಬರಲಿಕ್ಕೆ. ದಾರಿಯುದ್ದಕ್ಕೂ ಆ ಮಾತು ಬಾಯಲ್ಲಿ ಹೊರಳಿಸಿ ನೋಡಿದೆ, ರೂಢಿ ಇರಲಿಲ್ಲ. ಕಲ್ಲಿನ ಲಾರಿಗಳ ಹಿಂದೆ ಬಂದು ಮೈಯೆಲ್ಲ, ಮೂಗಿನ ಮೇಲಿನ ಚಾಳೀಸೂ, ಬೆಳ್ಳಗಾಗಿತ್ತು. ಮಹಾನಂದಾ ಚಾ ತಂದಿಟ್ಟಳು. ಕಾಕಾನ ಪಕ್ಕ ಕೂತು, "ಕಾಕಾ, ನಾ ಎಲ್ಲಾ ಮಾಡಿ ನೋಡಿದೆ..." ಅಂತ ಶುರುಮಾಡಿದೆ.

ಕಾಕಾ ಎಡಗೈ ಎತ್ತಿದರು. ಸಾಕು ಅನ್ನುತ್ತಾರೆ ಅಂದುಕೊಂಡೆ. ಅವರು ಸೀದಾ ನನ್ನ ಮುಖಕ್ಕೆ ಕೈ ಹಾಕಿ ಚಾಳೀಸು ಕಿತ್ತುಕೊಂಡರು. ಒಂದು ಗಾಜನ್ನು ಹಾಸಿಗೆಯ ಅರಿವೆಗೆ ಒತ್ತಿ, ಹೆಬ್ಬೆರಳಿನಿಂದ ದುಂಡಗೆ ತಿಕ್ಕಿದರು. ಆಮೇಲೆ ಇನ್ನೊಂದು ಗಾಜು. ಅವರ ಕೆಲಸದ ಮೊದಲ ವರ್ಷಗಳಲ್ಲಿ ಸಿಗ್ನಲ್ಲಿಗೆ ಎಣ್ಣೆಯ ದೀಪ ಇದ್ದವಂತೆ. ಅವುಗಳ ಗಾಜು ದಿನಾ ಒರೆಸಬೇಕಿತ್ತಂತೆ. ಆ ತಿಕ್ಕುವ ರೀತಿ ನೋಡಿದರೆ ಕೈ ಅದನ್ನು ಮರೆತಿರಲಿಲ್ಲ. ಒರೆಸಿ, ಚಾಳೀಸನ್ನು ನನ್ನ ಕೈಗಿಟ್ಟು, ಸೆಟ್ಟಿನ ಕಡೆ ಬೆರಳು ಮಾಡಿದರು. ಆಮೇಲೆ ಮೂರು ಬೆರಳನ್ನು ಹಣೆಯ ಮೇಲೆ ಎಳೆದುಕೊಂಡರು.

ಚಾಳೀಸು ಹಾಕಿಕೊಂಡು ನೋಡಿದೆ.

ಸೆಟ್ಟಿನ ಕರಿ ಗಾಜಿನ ಮೇಲೆ, ಆ ಸಣ್ಣ ಕಣ್ಣಿನ ಎದುರಿಗೇ, ನೀರಲ್ಲಿ ಕಲಸಿ ಹಚ್ಚಿದ ಈಬತ್ತಿ ಸುಣ್ಣದಂತೆ ಗಟ್ಟಿಯಾಗಿ ಕೂತಿತ್ತು. ಅದರ ಮೇಲೆ ಕುಂಕುಮ. ನಾನು ಅದನ್ನು ಮೊದಲ ದಿನವೇ ನೋಡಿದ್ದೆ. ನೋಡಿ, ಭಕ್ತಿಯಿಂದ ಬದಿಗಿಟ್ಟಿದ್ದೆ. ನಮ್ಮ ಕಡೆಯವನಿಗೆ ಮಷೀನಿನ ಮೇಲಿನ ಈಬತ್ತಿ ಮಷೀನಿನ ಬಣ್ಣದಷ್ಟೇ ಸಹಜ. ಅದು ಅಡ್ಡ ಬರಬಹುದೆಂದು ತಲೆಗೆ ಹೊಳೆಯುವುದೇ ಇಲ್ಲ. ಪರ ಊರಿನ ಯಾರಾದರೂ ಬಂದಿದ್ದರೆ ಮೊದಲು ಅದನ್ನೇ ಒರೆಸುತ್ತಿದ್ದರು. ಮೊದಲು ಮಾರಿ ನೋಡು ಅಂದ ಉಸ್ತಾದರ ಏಟು ಅಷ್ಟು ವರ್ಷದ ಆಚೆಯಿಂದ ಬಂದು ಕೈಗೆ ಬಿತ್ತು. ನಾನು ಹೊಟ್ಟೆ ಬಿಚ್ಚಿ ಐದು ವೋಲ್ಟು ಅಳೆದು ಬಂದಿದ್ದೆ.

"ಕಾಕಿ, ಇದನ್ನ ಯಾರು ಹಚ್ಯಾರ?" ಅಂದೆ.

"ಮತ್ಯಾರು, ನಾನೇ. ವರ್ಷಾ ವರ್ಷಾ ಅವರೇ ಹಚ್ಚತಿದ್ರು. ಈ ವರ್ಷ ಮಲಗ್ಯಾರಲ್ಲ. ಅವರ ಸೆಟ್ಟ ಅಂತ ಒಂದೀಟು ಜಾಸ್ತೀನೇ ಹಚ್ಚೀನಿ."

ಕಾಕಾ ಮೇಲಿನ ಅಂಚಿಗೆ ಹಚ್ಚುತ್ತಿದ್ದರಂತೆ, ಗಾಜು ಬಿಟ್ಟು. ಈ ಸಲ ರಿಮೋಟು ಒಡೆದದ್ದು ಹಬ್ಬದ ಹಿಂದಿನ ದಿನ, ಕಾಕಿ ಈಬತ್ತಿ ಹಚ್ಚಿದ್ದು ಮರುದಿನ. ಕಣ್ಣು ಮುಚ್ಚಿಹೋಗಿದೆಯೆಂದು ತಿಳಿಯಲು ಒತ್ತಿ ನೋಡುವ ರಿಮೋಟೇ ಇರಲಿಲ್ಲ. ತಿಳಿದದ್ದು ಕಾಕಾ ಒಬ್ಬರಿಗೆ. ಮಲಗಿದಲ್ಲಿಂದ ಎಲ್ಲ ನೋಡಿದ್ದರು, ನೋಡಿದ ದಿನದಿಂದಲೂ ಹೇಳುತ್ತಲೇ ಇದ್ದರು.

ನಾನು ಅರಿವೆ ತೆಗೆದೆ. ಕಾಕಿ ಅಡ್ಡ ಬಂದರು. "ಏ ಸಾಬಣ್ಣ! ಪೂಜಿ ಮಾಡಿದ ಈಬತ್ತಿ ಒರಸ್ತೇನೋ? ಅದೂ ಮನ್ಯಾಗ ಮನಷ್ಯಾ ಜಡ್ಡಬಿದ್ದಾಗ? ಏನರೆ ಹೆಚ್ಚುಕಡಿಮಿ ಆದ್ರ?"

ನನಗೂ ಕೈ ಬರಲಿಲ್ಲ. ಸುಳ್ಳು ಯಾಕೆ ಹೇಳಲಿ, ನಾನೂ ಅದೇ ಊರುಗಳ ಗಾಳಿ ಕುಡಿದವನು. ಅರಿವೆ ಹಿಡಿದು ನಿಂತೆ. ಆಗ ಕಾಕಾ ಕೈ ಮಾಡಿ ಕರೆದರು, ನನ್ನನ್ನಲ್ಲ, ಸೆಟ್ಟನ್ನು. ನಾನೂ ಮಹಾನಂದಾನೂ ಅದನ್ನು ವೈರಿನ ಸಮೇತ ಎತ್ತಿ ಅವರ ತೊಡೆಯ ಮೇಲಿಟ್ಟೆವು. ಕಾಕಾ ಹೆಬ್ಬೆರಳನ್ನು ಚಾದ ಬಟ್ಟಲಿನ ಪಕ್ಕದ ನೀರಿಗೆ ಅದ್ದಿ ಗಾಜಿನ ಮೇಲಿನ ಈಬತ್ತಿಯನ್ನು ಮೆಲ್ಲಗೆ ಕರಗಿಸಿದರು. ಕರಗಿದ್ದನ್ನು ಮೂರು ಬೆರಳಿಗೆ ತೆಗೆದುಕೊಂಡು ತಮ್ಮ ಹಣೆಗೆ ಎಳೆದುಕೊಂಡರು. ಇನ್ನೂ ಸ್ವಲ್ಪ ಉಳಿದಿತ್ತು. ಅದನ್ನು ನನ್ನ ಹಣೆಗೆ ಹಚ್ಚಿದರು. ಕಾಕಿ ಅಡ್ಡದಿಂದ ಸರಿದರು. ಮಹಾನಂದಾ ಸೆರಗು ಬಾಯಿಗೆ ಹಿಡಿದಳು. ಅಳುತ್ತಿದ್ದಳೋ ನಗುತ್ತಿದ್ದಳೋ ನಾನು ನೋಡಲಿಲ್ಲ.

ಸೆಟ್ಟನ್ನು ಕಟ್ಟೆಯ ಮೇಲೆ ವಾಪಸು ಇಟ್ಟು, ಮೊದಲ ದಿನದ ಮೊದಲ ಹೆಸರನ್ನೇ ಹಿಡಿದು ಬೋರ್ಡು ಹಚ್ಚಿದೆ. ನನ್ನ ಕಣ್ಣು ಬೋರ್ಡಿನ ಅಂಕಿಯ ಮೇಲೆ ಇರಬೇಕಿತ್ತು, ಸೆಟ್ಟನ್ನು ನೋಡಲು ಇನ್ನೊಬ್ಬರು ಬೇಕು. "ಕಾಕಾ, ನೀವೇ ನೋಡ್ರಿ. ಅದು ಮಿಸುಕಿದ ಕೂಡಲೇ ಕೈ ಎತ್ರಿ" ಅಂದೆ. ಅವರು ದಿಂಬು ಬಿಟ್ಟು ಬೆನ್ನು ನೇರ ಮಾಡಿದರು. ಲಕ್ವಾ ಹೊಡೆದ ಮೇಲೆ ಅವರು ಹಾಗೆ ಕೂತದ್ದನ್ನು ನೋಡಿಲ್ಲವೆಂದು ಕಾಕಿ ಆಮೇಲೆ ಹೇಳಿದರು. ಅಂಕಿಗಳು ಓಡಿದವು.

ಎಡಗೈ ಮೇಲೆ ಹೋಯಿತು. ಬಾವುಟ ಹಿಡಿದವರ ಕೈಯಂತೆ, ಸೀದಾ, ಅಲುಗದೆ. ಸೆಟ್ಟಿನ ಕೆಂಪು ದೀಪ ಹಸಿರಾಗಿತ್ತು.

ಅಂದರೆ ಹೆಸರು ಮೊದಲಿನಿಂದಲೂ ಸರಿಯಿತ್ತು. ನಾನು ಸರಿಯಾದ ಹೆಸರನ್ನೇ ಕರೆದು, ಓಗೊಡಲಿಲ್ಲವೆಂದು ಅದನ್ನು ಬಿಟ್ಟು ಬೇರೆ ಹೆಸರು ಕರೆಯುತ್ತ ಹೋಗಿದ್ದೆ. ಈ ಮಾತು ಮನಸ್ಸಿನಲ್ಲಿ ಬಹಳ ದಿನ ಕೂತಿತ್ತು. ನನ್ನ ಮಾತಿಗೆ ಓಗೊಡದ ಮಂದಿಯನ್ನೆಲ್ಲ ನೆನೆಸಿಕೊಂಡೆ. ಅವರನ್ನು ಕೆಟ್ಟ ಸೆಟ್ಟೆಂದು ಬದಿಗಿಟ್ಟದ್ದುಂಟು, ನನ್ನ ಮಾತೇ ತಪ್ಪಿರಬೇಕೆಂದು ಬೇರೆ ಮಾತು ಆಡಿದ್ದುಂಟು. ನಡುವೆ ಒಳ್ಳೆಯವರು ಒಳ್ಳೆಯ ಮನಸ್ಸಿನಿಂದಲೇ ಹಚ್ಚಿದ್ದು ಏನಾದರೂ ಇದೆಯೋ ಎಂದು ಎದ್ದು ಹೋಗಿ ನೋಡಿದವನಲ್ಲ. ಇರಲಿ, ಇದು ಉಪದೇಶದ ಜಾಗವಲ್ಲ.

ಒಂದು ಸಿಕ್ಕ ಮೇಲೆ ಉಳಿದವು ಸಿಗಲು ಹೊತ್ತು ಹಿಡಿಯಲಿಲ್ಲ. ಕಾಕಾ ಕೈ ಎತ್ತುತ್ತ ಹೋದರು, ನಾನು ಗುರುತು ಹಾಕುತ್ತ ಹೋದೆ. ಮನೆಗೆ ಬಂದು ಹೊಸ ರಿಮೋಟು ಕಟ್ಟಿದೆ. ಕರೆಗಂಟೆಗೆ ಹಾಕುವಂಥ ದೊಡ್ಡ ಬಟನುಗಳು, ಐದೇ ಐದು: ಚಾಲೂ-ಬಂದ್, ಜೋರು, ಸಣ್ಣ, ಹಿಂದೆ, ಮುಂದೆ. ಎಡಗೈ ಹೆಬ್ಬೆರಳಿಗೆ ಸಿಗುವಂತೆ ಜೋಡಿಸಿದೆ. ಪಲ್ಲಂಗದ ಕಂಬಿಗೆ ದಾರದಿಂದ ಕಟ್ಟಿದೆ, ಇನ್ನೊಮ್ಮೆ ಕಾಲಿನ ಕೆಳಗೆ ಬೀಳಬಾರದು. ಮಹಾನಂದಾ ಆ ಗಂಟನ್ನು ತಾನೂ ಒಮ್ಮೆ ಬಿಗಿದಳು.

ಕೈಗೆ ಕೊಟ್ಟೆ. ಕಾಕಾ ಮೊದಲ ಬಟನ್ ಒತ್ತಿದರು, ದೀಪ ಹಸಿರಾಯಿತು. ಮತ್ತೆ ಒತ್ತಿದರು, ಕೆಂಪಾಯಿತು. ಹಸಿರು. ಕೆಂಪು. ಹಸಿರು. ಹಾಡಿನ ಸುದ್ದಿಯೇ ಇಲ್ಲ.

"ಇದೇನ್ರಿ ಸಣ್ಣ ಹುಡುಗರಂಗ!" ಅಂದರು ಕಾಕಿ.

ಕಾಕಾನ ಅರ್ಧ ಮುಖ ನಕ್ಕಿತು. ಆಮೇಲೆ ಮುಂದಿನ ಹಾಡಿನ ಬಟನ್ ಒತ್ತತೊಡಗಿದರು. ಒಂದು ದನಿ ಎದ್ದರೆ ಅದನ್ನು ದಾಟಿ ಇನ್ನೊಂದು, ಅದನ್ನೂ ದಾಟಿ ಮತ್ತೊಂದು. ಎಲ್ಲಿಗೆ ಹೋಗಬೇಕೆಂದು ಅವರಿಗೆ ಗೊತ್ತಿತ್ತು. ಕಡೆಗೊಮ್ಮೆ ಏಕತಾರಿಯ ತಂತಿ ಮಿಡಿಯಿತು. ಹಿಂದೆಯೇ, ಮೈಕ್ ಬೇಡ ಅಂದ ಆ ದನಿ. ಕಾಕಾ ಹೆಬ್ಬೆರಳನ್ನು ಜೋರಿನ ಬಟನ್ ಮೇಲಿಟ್ಟು ತೆಗೆಯಲೇ ಇಲ್ಲ. ಫರಸಿಯ ಗೋಡೆ ಗುಂಯ್‌ಗುಟ್ಟಿತು. ಹೊರಗೆ ಹೋಗುವವರು ಬಾಗಿಲಲ್ಲಿ ಇಣುಕಿದರು. ಕಾಕಿ ಎರಡೂ ಕಿವಿ ಮುಚ್ಚಿಕೊಂಡು, ಮೊದಲು ಹೇಗೆ ಬೈಯುತ್ತಿದ್ದರೋ ಹಾಗೇ ಬೈಯತೊಡಗಿದರು. ಹೋದ ವರ್ಷದಿಂದ ಆ ಮನೆಯಲ್ಲಿ ಯಾರೂ ಅಷ್ಟು ಬಾಯಿ ಬಿಟ್ಟು ಬೈದಿರಲಿಲ್ಲ.

ಮೊನ್ನೆ ಬಿಚ್ಚಿದ ಆ ಕರವಸ್ತ್ರದ ಗಂಟನ್ನು ಮತ್ತೆ ಕಟ್ಟಿ ಡಬ್ಬಿಯ ತಳಕ್ಕೆ ಹಾಕಿದೆ. ಈಗ ನನ್ನ ಹತ್ತಿರ ಇರುವುದಿಷ್ಟು. ಒಂದು ಶಟರಿನ ಅಂಗಡಿ. ಎರಡು ಮೀಟರು, ಈಬತ್ತಿ ಈಗ ಅವುಗಳ ಬೆನ್ನಿನ ಮೇಲೆ. ಪರದೇಶಿ ರಿಮೋಟಿನ ಒಂದು ಡಬ್ಬಿ. ಎಫ್ ತನಕದ ಇಂಗ್ಲಿಷು. ಕರೆದರೆ ಈಗೀಗ ನನಗೆ ಕೇಳಿಸುವ ಒಬ್ಬ ಹೆಂಡತಿ. ಮಾರಿ ಒರೆಸುವ ಒಂದು ಅರಿವೆ. ಮತ್ತೆ ರಾವೂರಿನ ಗೌರಮ್ಮ ಕಾಕಿಯದು ಒಂದು ದೂರು. ವಾರಕ್ಕೊಮ್ಮೆಯಾದರೂ ಫೋನ್ ಮಾಡಿ, "ಸಾಬಣ್ಣ, ಆ ಜೋರಿನ ಬಟನ್ ಒಂದು ಕಿತ್ತಿ ಒಯ್ಯಪ್ಪಾ, ಕಿವಿ ಹೋದ್ವು" ಅನ್ನುತ್ತಾರೆ. ನಾಳೆ ಬರ್ತೀನಿ ಅನ್ನುತ್ತೇನೆ. ಹೋಗುವುದಿಲ್ಲ.